35 ದಿನ, ಒಂದೂ ತಪ್ಪದಂತೆ

ಬೈಲಹೊಂಗಲ ಕಡೆಯ ರೈತರು, ವಯಸ್ಸು ನಲವತ್ತರ ಮೇಲೆ. ಬೆಳಗಾವಿಯ ನಮ್ಮ ರೇಡಿಯೇಷನ್ ವಿಭಾಗಕ್ಕೆ ಬಂದಾಗ ಕುತ್ತಿಗೆಯ ಎರಡೂ ಬದಿ ಗಂಟು, ಬಲಗಿವಿ ಮುಚ್ಚಿದಂತೆ. ಐದು ತಿಂಗಳು ಕಿವಿಗೆ ಹನಿ ಹಾಕಿಸಿಕೊಂಡು ಓಡಾಡಿದ್ದರಂತೆ. ಮೂಗಿನ ಹಿಂಭಾಗಕ್ಕೆ ಯಾರೂ ದುರ್ಬೀನು ಹಾಕಿ ನೋಡಿರಲಿಲ್ಲ. ಗಡ್ಡೆ ಇದ್ದದ್ದೇ ಅಲ್ಲಿ.

ಮೂಗಿನ ಹಿಂಭಾಗದ (ನ್ಯಾಸೋಫ್ಯಾರಿಂಕ್ಸ್) ಈ ಕ್ಯಾನ್ಸರ್ ದಕ್ಷಿಣ ಚೀನಾ, ನಮ್ಮ ನಾಗಾಲ್ಯಾಂಡ್ ಕಡೆ ಜಾಸ್ತಿ. ನಾವಿಲ್ಲಿ ದಿನ ಬೆಳಗಾದರೆ ನೋಡುವುದು ತಂಬಾಕಿನ ಬಾಯಿ ಕ್ಯಾನ್ಸರ್. ಮೂಗಿನ ಹಿಂದಿನ ಈ ಗಡ್ಡೆ ತಲೆಬುರುಡೆಯ ತಳಕ್ಕೇ ಅಂಟಿಕೊಂಡಿರುತ್ತದೆ, ಆಪರೇಷನ್ನಿಗೆ ಸಿಗುವ ಜಾಗವಲ್ಲ. ಆದರೆ ಕರೆಂಟಿಗೆ, ಅಂದರೆ ರೇಡಿಯೇಷನ್‌ಗೆ, ಚೆನ್ನಾಗಿ ಕರಗುತ್ತದೆ.

"ಸಾಹೇಬ್ರ, ಕೀಮೋನೂ ಕರೆಂಟೂ ಎರಡೂ ಯಾಕ್ರಿ? ಒಂದ ಸಾಲಂಗಿಲ್ಲೇನ್ರಿ?" ಎಂದು ಕೇಳಿದರು.

"ಹೊಲದಾಗ ಕರಕಿ ಹರಗಿದ ಮ್ಯಾಲೂ ಬೇರು ಆರಿಸಿ ತಗೀತೀರಿ, ಹೌದಲ್ರಿ? ಹಂಗ ಇದು" ಎಂದೆ. ರೇಡಿಯೇಷನ್ ಕ್ಯಾನ್ಸರ್ ಕಣದ ಡಿಎನ್‌ಎ ಮುರಿಯುತ್ತದೆ. ಅದನ್ನು ಕಣ ರಿಪೇರಿ ಮಾಡಿಕೊಳ್ಳದಂತೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ತಡೆಯುತ್ತದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬರೀ ರೇಡಿಯೇಷನ್ ಪಡೆದವರಲ್ಲಿ ಮೂರು ವರ್ಷ ಬದುಕಿದ್ದವರು ಶೇ. 47. ಜೊತೆಗೂ ಆಮೇಲೂ ಕೀಮೋ ಪಡೆದವರಲ್ಲಿ ಶೇ. 78.

ಇವರಿಗೆ ಮೊದಲು ಸಿಸ್ಪ್ಲಾಟಿನ್ ಜೊತೆ ಜೆಮ್ಸಿಟಾಬಿನ್ ಎಂಬ ಇನ್ನೊಂದು ಕೀಮೋ ಔಷಧಿ ಮೂರು ಸುತ್ತು ಕೊಟ್ಟೆವು. 2019ರ ಚೀನಾದ ಅಧ್ಯಯನ ಈ ದಾರಿಗೆ ಬಲ ಕೊಟ್ಟಿದೆ. ಮೂರನೇ ಸುತ್ತಿನ ಹೊತ್ತಿಗೆ ಕುತ್ತಿಗೆಯ ಗಂಟು ಬೆರಳಿಗೆ ಸಿಗುವುದೇ ಕಷ್ಟವಾಯಿತು. ಆಮೇಲೆ 35 ದಿನಕ್ಕೆ 70 ಗ್ರೇ (ರೇಡಿಯೇಷನ್ ಅಳೆಯುವ ಮಾನ) ರೇಡಿಯೇಷನ್, ವಾರಕ್ಕೆ ಐದು ದಿನ. ಜೊತೆಗೆ ವಾರಕ್ಕೊಂದು ಸಿಸ್ಪ್ಲಾಟಿನ್. ಈ ಔಷಧಿ ಕಿವಿಗೂ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಹಾಗಾಗಿ ಮೊದಲೇ ಕಿವಿ ಪರೀಕ್ಷೆ, ಪ್ರತಿ ವಾರ ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್, ಕೀಮೋ ದಿನ ಬಾಟಲಿಗಟ್ಟಲೆ ಸಲೈನ್. ಹುಳುಕು ಹಲ್ಲು ಎರಡಿದ್ದವು. ಶುರು ಮಾಡುವ ಮುಂಚೆಯೇ ಕೀಳಿಸಿದೆ. ರೇಡಿಯೇಷನ್ ಆದ ಮೇಲೆ ಹಲ್ಲು ಕಿತ್ತರೆ ದವಡೆಯ ಗಾಯ ಮಾಯದೇ ಉಳಿಯಬಹುದು.

ರೇಡಿಯೇಷನ್ ಹೊತ್ತಲ್ಲಿ ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಮಾಡುವ ದಿನ ತುಂಬಾ ಹೆದರಿದರು. ಬಿಸಿನೀರಿನಲ್ಲಿ ಮೆತ್ತಗಾದ ತೂತು ತೂತಿನ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು, ಮೂಗಿನ ಪಕ್ಕ, ಗದ್ದದ ಕೆಳಗೆ ಒತ್ತಿ ಕೂರಿಸುತ್ತೇವೆ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. "ಉಸರು ಕಟ್ಟತೈತ್ರಿ" ಅಂದರು. ಅದು ಆರುವವರೆಗೂ ನಾನು ಅವರ ಕೈ ಬಿಡಲಿಲ್ಲ.

ನಾಲ್ಕನೇ ವಾರ ಬಾಯಿ ಪೂರ್ತಿ ಹುಣ್ಣು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ಎರಡು ತಾಸಿಗೊಮ್ಮೆ ಬಾಯಿ ಮುಕ್ಕಳಿಸುತ್ತಿದ್ದರು. ರೊಟ್ಟಿ, ಖಾರ ಬಿಟ್ಟು ತೆಳ್ಳಗಿನ ನುಚ್ಚು, ಮಜ್ಜಿಗೆ, ಅಂಬಲಿ. ಅದೂ ಇಳಿಯದಾಯಿತು. 62 ಕೆಜಿ ಇದ್ದವರು 54ಕ್ಕೆ ಬಂದರು. ಮೂಗಿನಿಂದ ಊಟದ ನಳಿಗೆ ಹಾಕಲು ನಾನು ಒಂದು ವಾರ ತಡಮಾಡಿದೆ. "ಇವತ್ತೊಂದಿನ ನೋಡೂಣ್ರಿ" ಎಂಬ ಅವರ ಮಾತಿಗೆ ಸೋತೆ. ಸೋಲಬಾರದಿತ್ತು. ಕೆನ್ನೆ ಇಳಿದು ಮಾಸ್ಕ್ ಸಡಿಲವಾಗಿತ್ತು, ಒಳಗೆ ಎರಡು ಬೆರಳು ಹೋಗುತ್ತಿದ್ದವು. ಮಿದುಳಿನ ಕಾಂಡ, ಬೆನ್ನುಹುರಿ ಪಕ್ಕದಲ್ಲೇ ಇರುವಾಗ ಅಷ್ಟು ಸಡಿಲ ನಡೆಯುವುದಿಲ್ಲ. ಶುಕ್ರವಾರ ಹೊಸ ಮಾಸ್ಕ್, ಹೊಸ ಸಿಟಿ ಸ್ಕ್ಯಾನ್. ಶನಿವಾರ, ಭಾನುವಾರ ಡೋಸ್ ಲೆಕ್ಕ ಹಾಕುವ ಫಿಸಿಸಿಸ್ಟ್ ಜೊತೆ ಕೂತು ರೇಡಿಯೇಷನ್ ಪ್ಲಾನ್ ಮತ್ತೆ ಮಾಡಿದೆವು. ಸೋಮವಾರದ ಡೋಸ್ ತಪ್ಪಲಿಲ್ಲ. ನಡುವೆ ಬಿಡುವು ಕೊಟ್ಟರೆ ಗಡ್ಡೆಗೂ ಚಿಗುರಲು ಬಿಡುವು ಸಿಗುತ್ತದೆ, ಅಲ್ವಾ?

ಆರನೇ ವಾರ ಕ್ರಿಯಾಟಿನಿನ್ ಏರಿತು. ಐದು ಕೀಮೋ ಆಗಿದ್ದವು, ಅಲ್ಲಿಗೇ ನಿಲ್ಲಿಸಿದೆ. ಕರೆಂಟ್ ಮಾತ್ರ 35ನೇ ದಿನದವರೆಗೂ ನಡೆಯಿತು.

ಮೂರು ತಿಂಗಳ ಮೇಲೆ ಮಾಡಿಸಿದ ಪೆಟ್ ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ಜೊಲ್ಲು ಇನ್ನೂ ಸರಿಯಾಗಿ ಬರುವುದಿಲ್ಲ. ನೀರಿನ ಬಾಟಲಿ ಹೆಗಲಿಗೇ ಇರುತ್ತದೆ. ಪ್ರತಿ ಸಲ ಬಂದಾಗಲೂ ನಾನು ಕೇಳುವ ಮೊದಲೇ ಬಾಯಿ ಅಗಲಿಸಿ ಮೂರು ಬೆರಳು ನಿಲ್ಲಿಸಿ ತೋರಿಸುತ್ತಾರೆ. ದವಡೆ ಬಿಗಿಯದಿರಲಿ ಎಂದು ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಮಾಡುತ್ತಿದ್ದಾರೆ.