ಅಗಲದ ಟೈರಿಗೆ ಎಷ್ಟು ಪೌಂಡು ಗಾಳಿ?

ಗಂಗಾವತಿಯ ಗಿರಣಿಗಳಿಂದ ಅಕ್ಕಿ ಮೂಟೆ ಹೇರಿಕೊಂಡು ಕನಕಗಿರಿ, ಕುಷ್ಟಗಿ ಕಡೆ ಓಡುವ ಪಿಕಪ್ ನನ್ನದು. ಕಾಲುವೆ ಬದಿಯ ಎರೆಮಣ್ಣಿನಲ್ಲಿ ಮೂಲದ ಟೈರುಗಳು ಹೂತುಕೊಳ್ಳುತ್ತಿದ್ದವು. ಹೀಗಾಗಿ 235/75 ಆರ್15 ಅಳತೆಯ, ಹೊರೆಗಾಡಿಗೆಂದೇ ಮಾಡಿದ ಟೈರ್ ಹಾಕಿಸಿದೆ. ಗಾಡಿಯ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿರುವ ಗಾಳಿಯ ಲೆಕ್ಕ ಹಳೆಯ ಅಳತೆಯದು, ಇದಕ್ಕೆ ಹೊಂದದು. ಪಂಕ್ಚರ್ ಅಂಗಡಿಗಳಲ್ಲಿ ‘ಟೈರಿನ ಮೇಲೆ ಬರೆದಷ್ಟು ತುಂಬಿಸಿ’ ಎನ್ನುತ್ತಾರೆ. ಅಲ್ಲಿರುವ 50 ಪೌಂಡು (ಚದರ ಇಂಚಿಗೆ, ಅಂದರೆ ಪಿಎಸ್‌ಐ) ಒಂದು ಟೈರ್ 900 ಕಿಲೊ ಹೊರುವಾಗ ಬೇಕಾದ ಗಾಳಿ. ಅದಕ್ಕಿಂತ ಕಡಿಮೆ ಭಾರಕ್ಕೆ ಅಷ್ಟು ಬೇಡ.

ಆದ್ದರಿಂದ ಮೊದಲು ಭಾರ ತಿಳಿಯಬೇಕು. ಗಿರಣಿಯ ಕಾಟಾದಲ್ಲಿ ಎಂದಿನ ಲೋಡಿನೊಂದಿಗೆ ಇಡೀ ಗಾಡಿಯನ್ನು ತೂಗಿಸಿ, ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ಮೇಲೆ ನಿಲ್ಲಿಸಿದೆ. ಮೊದಲ ತೂಕದಲ್ಲಿ ಎರಡನೆಯದನ್ನು ಕಳೆದರೆ ಹಿಂದಿನ ಅಚ್ಚಿನ ಭಾರ ಸಿಗುತ್ತದೆ. ಮುಂದೆ 1,100, ಹಿಂದೆ 1,640 ಕಿಲೊ ಬಂತು. ಅಂದರೆ ಹಿಂದಿನ ಒಂದೊಂದು ಟೈರಿಗೆ 820. ಟೈರ್ ಕಂಪನಿಯ ಭಾರ–ಒತ್ತಡದ ಪಟ್ಟಿಯಲ್ಲಿ ಅದು 44ರ ಸುಮಾರಿಗೆ ಬೀಳುತ್ತದೆ. ಮೂಟೆ ಒಂದು ಬದಿಗೆ ಹೆಚ್ಚಾಗುವುದುಂಟು, ಅದಕ್ಕೆ 46 ಇಟ್ಟೆ. ಮುಂದೆ ಪಟ್ಟಿಯ ತಳಮಟ್ಟವಾದ 35 ಸಾಕಿತ್ತು, 36 ಹಾಕಿದೆ.

ಪಟ್ಟಿಯನ್ನು ನಂಬಿ ಅಲ್ಲಿಗೇ ನಿಲ್ಲಿಸಲಿಲ್ಲ. ಲೋಡಿನೊಂದಿಗೇ ಟೈರಿನ ಅಗಲಕ್ಕೂ ಸೀಮೆಸುಣ್ಣದ ದಪ್ಪ ಗೆರೆ ಎಳೆದು ಸಮನಾದ ಸಿಮೆಂಟ್ ನೆಲದ ಮೇಲೆ ನೇರವಾಗಿ ಸ್ವಲ್ಪ ದೂರ ಓಡಿಸಿದೆ. ನಡುವಿನ ಸುಣ್ಣ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳು ಮಾತ್ರ ಅಳಿಸಿದರೆ ಕಡಿಮೆ. ನನ್ನದು ಉದ್ದಕ್ಕೂ ಸಮನಾಗಿ ಹೋಯಿತು. ಆ ಗೆರೆ ನೋಡಿದಾಗ ಆದ ಸಮಾಧಾನ ಯಾವ ಅಂಕಿಯಿಂದಲೂ ಆಗಿರಲಿಲ್ಲ.

ಗಾಳಿ ಅಳೆಯುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ನಮ್ಮ ಕಡೆಯ ಬೇಸಿಗೆಯಲ್ಲಿ ಹವೆ ಹತ್ತು ಡಿಗ್ರಿ ಏರಿದರೇ ಸುಮಾರು ಎರಡು ಪೌಂಡು ಹೆಚ್ಚುತ್ತದೆ. ಲೋಡಿನಲ್ಲಿ ಓಡಿದ ಟೈರ್ 50 ದಾಟಿ ತೋರಿಸಿದರೆ ಹೆದರಿ ಗಾಳಿ ಬಿಡಬೇಡಿ. ತಣ್ಣಗಾದಾಗ ಅದು ಬೇಕಾದುದಕ್ಕಿಂತ ಕೆಳಗಿಳಿದು, ಮರುದಿನದ ಲೋಡಿನಲ್ಲಿ ಬದಿಗಳು ಮಡಚಿ ಕಾಯುತ್ತವೆ. ಟೈರ್ ಸಿಡಿಯುವುದು ಹೆಚ್ಚಾಗಿ ಹಾಗೆಯೇ. ಏರಿಕೆ ಶೇ 15 ಮೀರಿದರೆ ಮಾತ್ರ ಗಾಡಿ ನಿಲ್ಲಿಸಿ ನೋಡುತ್ತೇನೆ: ಬೆಳಿಗ್ಗೆ ಗಾಳಿ ಕಡಿಮೆ ಇತ್ತೇ, ಮೂಟೆ ಹೆಚ್ಚಾಗಿದೆಯೇ ಎಂದು.