ಹೊರಗೆ ಜಡಿಮಳೆ, ಜಗಲಿಯಲ್ಲಿ ಹವಳ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದವರು ಜಗಲಿ ಮೂಲೆಯ ಉಪ್ಪುನೀರಿನ ಗಾಜಿನ ಟ್ಯಾಂಕಿನ ನೀಲಿ ಬೆಳಕು ನೋಡಿ ಮೊದಲು ಕೇಳುವುದು, 'ಪ್ಲಾಸ್ಟಿಕ್ ಹೂವಾ?' ಅಂತ. ಹೂವಲ್ಲ, ಪ್ರಾಣಿ. ಟಾರ್ಚ್, ಹ್ಯಾಮರ್, ಡಂಕನ್, ಅಕಾನ್ ಎಂದೆಲ್ಲ ಕರೆಯುವ ದೊಡ್ಡ ಪಾಲಿಪ್‌ನ ಗಟ್ಟಿ ಹವಳಗಳು ಇವು. ಪಾಲಿಪ್ ಅಂದರೆ ಹವಳದ ಒಂದೊಂದು ಬಿಡಿ ಜೀವಿ. ಹವ್ಯಾಸಿಗಳ ಬಾಯಲ್ಲಿ ಎಲ್‌ಪಿಎಸ್. ಮೇಲೆ ಮೆತ್ತನೆಯ ಮಾಂಸ, ಒಳಗೆ ಸುಣ್ಣದ ಅಸ್ಥಿ. ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ.

ಕೊಳ್ಳುವ ಮೊದಲು ಒಂದು ಮಾತು. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಘಟ್ಟ ಇಳಿದರೆ ಸಮುದ್ರವೂ ಹತ್ತಿರವೇ. ಹಾಗಂತ ಒಂದು ಚೂರು ಮುರಿದು ತರುವ ಯೋಚನೆಯೂ ಬೇಡ. ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದ ರಕ್ಷಣೆ ಇದೆ. ಹೊರದೇಶದ್ದಾದರೂ, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರುತ್ತದೆ. ಆಮದಿನ ಕಾಗದಪತ್ರ ತೋರಿಸದ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ನೀರು ಮೊದಲು, ಹವಳ ಆಮೇಲೆ

ಮಲೆನಾಡಿನವರಿಗೆ ಮಳೆನೀರಿನ ಮೇಲೆ ಪ್ರೀತಿ ಜಾಸ್ತಿ. ನೀರೇನೋ ಮೆದುವೇ. ಆದರೆ ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಒಂದು ಅಪಾಯ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಹವಳ, ಸಿಗಡಿ, ಶಂಖದ ಹುಳುಗಳಿಗೆ ತಾಮ್ರ ಚೂರೇ ಚೂರು ಬಿದ್ದರೂ ವಿಷ. ಔಷಧಿ ಹೊಡೆದ ದಿನ ಹೆಂಚಿನಿಂದ ಇಳಿದ ನೀರು ಬೇಡ. ಔಷಧಿ ಕಲಸಿದ ಬಕೆಟ್ಟು ಎಷ್ಟು ತೊಳೆದರೂ ಬೇಡ. ಬಚ್ಚಲ ತಾಮ್ರದ ಹಂಡೆಯ ನೀರೂ ಬೇಡ. ತೋಟದಿಂದ ಬಂದವರು ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಜಾಲಿಸಿದ ಮೇಲೆಯೇ ಟ್ಯಾಂಕಿಗೆ ಕೈ ಹಾಕಬೇಕು. ನಮ್ಮ ಮನೆಯಲ್ಲಿ ಟ್ಯಾಂಕಿಗೆಂದೇ ಎರಡು ಬಿಳಿ ಬಕೆಟ್ ಇವೆ. ಅವನ್ನು ಯಾರಾದರೂ ಮುಟ್ಟಿದರೆ ಜಗಳವೇ.

ಬಾವಿ ನೀರಿರಲಿ, ಮಳೆನೀರಿರಲಿ, ಆರ್‌ಓ ಮತ್ತು ಡಿಐ (ಉಳಿದ ಲವಣವನ್ನೂ ಹಿಡಿಯುವ) ಫಿಲ್ಟರ್ ದಾಟಿಸಿ, ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ಸೊನ್ನೆಗೆ ತನ್ನಿ. ಲೀಟರಿಗೆ 35ರಿಂದ 38 ಗ್ರಾಂ ರೀಫ್ ಉಪ್ಪು (ಹವಳದ ಟ್ಯಾಂಕಿಗೆಂದೇ ಮಾರುವುದು) ಕರಗಿಸಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆ ಉಪ್ಪು ಉಪ್ಪಿನಕಾಯಿಗೆ ಚೆಂದ, ಇಲ್ಲಿಗೆ ಆಗದು. ಉಪ್ಪು ಹರಳುಗಟ್ಟುವಾಗ ಸಮುದ್ರದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲೆಕ್ಕ ತಪ್ಪಿಹೋಗಿರುತ್ತದೆ. ಸಿಹಿನೀರಿಗೆ ಹೋಲಿಸಿದ ಸಾಂದ್ರತೆ 1.025 ಇರಲಿ. ಅಳೆಯಲು ತೇಲುಬುರುಡೆಗಿಂತ, ಒಂದು ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಹೇಳುವ ರಿಫ್ರಾಕ್ಟೋಮೀಟರ್ ವಾಸಿ.

ಕಲ್ಲು, ಮರಳು ಹಾಕಿ ನಾಲ್ಕರಿಂದ ಆರು ವಾರ ಹವಳ ಇಲ್ಲದೆ, ನೀರು ಮಾತ್ರ ತಿರುಗುವ ಹಾಗೆ ಓಡಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ ಮುಂದಿನ ಮಾತು.

ಕೂರಿಸುವುದು

ಹವಳ ಬಂದ ದಿನ ಚೀಲವನ್ನು 20 ನಿಮಿಷ ನೀರಲ್ಲಿ ತೇಲಿಬಿಡಿ. ಆಮೇಲೆ ಹನಿಹನಿಯಾಗಿ ಟ್ಯಾಂಕಿನ ನೀರು ಸೇರಿಸಿ, ಹುಳ ತೆಗೆಯುವ ದ್ರಾವಣದಲ್ಲಿ ಅದ್ದಿ. ಹಿಡಿಯುವಾಗ ಅಸ್ಥಿಯನ್ನು ಹಿಡಿಯಿರಿ. ಮಾಂಸ ಅಸ್ಥಿಯ ಅಂಚಿಗೆ ತಾಗಿ ಹರಿದರೆ ಕೊಳೆಯುವುದು ಅಲ್ಲಿಂದಲೇ.

ಬೆಳಕು ಅತಿಯಾಗಬಾರದು. ಮೊದಲು ತಳದಲ್ಲಿಟ್ಟು, ಎರಡು ವಾರ ಬಿಟ್ಟು ಬೇಕಾದರೆ ಸ್ವಲ್ಪ ಮೇಲಕ್ಕೆ. ಪಾಚಿಯ ಅಡುಗೆಗೆ ಒದಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಸಿಕ್ಕರೆ 50ರಿಂದ 150 ಸಾಕು. ನೀರಿನ ಸೆಳೆತ ಹೇಗಿರಬೇಕು ಅಂದರೆ, ಗದ್ದೆಯ ಪೈರು ತಂಗಾಳಿಗೆ ತೂಗಿದ ಹಾಗೆ. ಟಾರ್ಚ್ ಒಂದೇ ಕಡೆಗೆ ಬಾಗಿ ನಿಂತಿದ್ದರೆ ಪಂಪು ತಿರುಗಿಸಿ. ನೆರೆಹೊರೆಗೆ 15 ಸೆಂಟಿಮೀಟರ್ ಜಾಗ ಬಿಡಿ. ರಾತ್ರಿ ಉದ್ದನೆಯ ಎಳೆ ಚಾಚಿ ಪಕ್ಕದವರನ್ನು ಸುಡುವ ಬುದ್ಧಿ ಇವಕ್ಕೆ. ಬೇಲಿ ಜಗಳ ಇಲ್ಲೂ ಇದೆ!

ಊಟ ವಾರಕ್ಕೆ ಒಂದೆರಡು ಸಲ, ದೀಪ ಆರುವ ಹೊತ್ತಿಗೆ. ಪಂಪ್ ಹತ್ತು ನಿಮಿಷ ನಿಲ್ಲಿಸಿ. ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಇಲ್ಲದಿದ್ದರೆ ಹಸಿ ಸಿಗಡಿ ತೊಳೆದು, ಅಕ್ಕಿ ನುಚ್ಚಿನಷ್ಟು ಸಣ್ಣಗೆ ಹೆಚ್ಚಿ ಕೊಡಿ. ದೊಡ್ಡ ತುಂಡು ನುಂಗುತ್ತದೆ, ಬೆಳಿಗ್ಗೆ ಅರ್ಧಂಬರ್ಧ ಉಗುಳಿರುತ್ತದೆ.

ಮಳೆಗಾಲದ ಲೆಕ್ಕವೇ ಬೇರೆ

ನಾನು ಪೆಟ್ಟು ತಿಂದದ್ದು ಇಲ್ಲಿ. ನನ್ನದು 150 ಲೀಟರ್ ಟ್ಯಾಂಕು. ಬೇಸಿಗೆಯಲ್ಲಿ ನೀರು ತಂಪಾಗಿಸಲು ಫ್ಯಾನ್ ಹಾಕಿದ್ದೆ, ದಿನಕ್ಕೆ ಎರಡು ಲೀಟರ್ ಆರುತ್ತಿತ್ತು, ಅಷ್ಟೇ ಸಿಹಿನೀರು ಸುರಿಯುತ್ತಿದ್ದೆ. ಜುಲೈ ಬಂದರೂ ಕೈಗೆ ಅದೇ ರೂಢಿ. ಬಟ್ಟೆಯೇ ಒಣಗದ ಹವೆಯಲ್ಲಿ ಟ್ಯಾಂಕಿನ ನೀರು ಎಲ್ಲಿ ಆರಬೇಕು? ಸಂಪ್, ಅಂದರೆ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ, ತುಂಬಿದಾಗಲೆಲ್ಲ ಚೊಂಬಿನಲ್ಲಿ ತೆಗೆದು ಚೆಲ್ಲಿದೆ. ಚೆಲ್ಲಿದ್ದು ಉಪ್ಪುನೀರು ಅಂತ ಹೊಳೆಯಲೇ ಇಲ್ಲ. ಮೂರು ವಾರದಲ್ಲಿ 1.025 ಇದ್ದದ್ದು 1.022ಕ್ಕೆ ಇಳಿಯಿತು. ಟಾರ್ಚ್ ಮುದುಡಿ ಬೆರಳಿನಷ್ಟಾಯಿತು. ಈಗ ಸಂಪ್‌ಗೆ ಗೆರೆ ಎಳೆದಿದ್ದೇನೆ. ನೀರು ಗೆರೆಗಿಂತ ಇಳಿದರೆ ಮಾತ್ರ ಸಿಹಿನೀರು.

ಕ್ಷಾರದ ಅಳತೆ, ಅಂದರೆ ಕೆಎಚ್, 8ರಿಂದ 9 ಡಿಗ್ರಿ ಇರಲಿ. ಉಳಿದವು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ: ಕ್ಯಾಲ್ಸಿಯಂ 400ರಿಂದ 450. ಮೆಗ್ನೀಸಿಯಂ 1,300ರ ಆಸುಪಾಸು. ನೈಟ್ರೇಟ್ ಪೂರ್ತಿ ಸೊನ್ನೆ ಆಗಬಾರದು, 5ರಿಂದ 10 ಇದ್ದರೆ ಮಾಂಸ ತುಂಬಿಕೊಂಡಿರುತ್ತದೆ. ನನ್ನ ಅನುಭವದಲ್ಲಿ ವಾರವಾರ ಕೆಎಚ್ ಒಂದನ್ನು ಬಿಡದೆ ನೋಡಿದರೆ ಅರ್ಧ ತಲೆನೋವು ಕಡಿಮೆ. ಇಳಿದರೆ ಅಡುಗೆ ಸೋಡಾ ಸಾಕು. 100 ಲೀಟರಿಗೆ 3 ಗ್ರಾಂ ಹಾಕಿದರೆ ಸುಮಾರು 1 ಏರುತ್ತದೆ. ದಿನಕ್ಕೆ ಅದಕ್ಕಿಂತ ಜಾಸ್ತಿ ಏರಿಸಬೇಡಿ.

ಕಿಟಕಿ, ಬಾಗಿಲು ಮುಚ್ಚಿಕೊಂಡು ಕೂತ ದಿನಗಳಲ್ಲಿ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆ. ಔಷಧಿ ಸುರಿಯುವ ಬದಲು, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್‌ನ ಗಾಳಿ ಕೊಳವೆಯನ್ನು ಕಿಟಕಿಯಾಚೆ ಬಿಡಿ. ತೋಟಕ್ಕೆ ಔಷಧಿ ಹೊಡೆಯುವಾಗ ಮಾತ್ರ ಒಳಗೆ ಎಳೆದುಕೊಳ್ಳಿ. ತಾಪ 25, 26 ಡಿಗ್ರಿ ಬೇಕು, ಹಾಗಾಗಿ ಮಳೆಗಾಲ, ಚಳಿಗಾಲ ಎರಡಕ್ಕೂ ಹೀಟರ್ ಇರಲಿ.

ಇನ್ನು ಕರೆಂಟು. ಮರ ಬಿದ್ದು ತಂತಿ ಹರಿದರೆ ಎರಡು ದಿನವೂ ಆಗಬಹುದು, ಅಲ್ವಾ? ಬೆಳಕಿಲ್ಲದೆ ಹವಳ ಅಷ್ಟು ದಿನ ತಡೆಯುತ್ತದೆ, ನೀರು ಅಲುಗದೆ ತಡೆಯದು. ಇನ್ವರ್ಟರ್‌ಗೆ ನೀರು ತಿರುಗಿಸುವ ಪಂಪ್ ಒಂದನ್ನೇ ಕೊಡಿ. ಬ್ಯಾಟರಿ ಏರ್ ಪಂಪ್ ಒಂದು ಕೈಗೆ ಸಿಗುವಲ್ಲಿರಲಿ. ಚಳಿ ಇದ್ದರೆ ಟ್ಯಾಂಕಿಗೆ ಕಂಬಳಿ ಸುತ್ತಿ. ಇದಕ್ಕೆಲ್ಲ ಮೊದಲು ಮೇ ತಿಂಗಳಲ್ಲೇ ಒಂದು ಹಗಲು ಮೇನ್ ಸ್ವಿಚ್ ಆಫ್ ಮಾಡಿ ಪಕ್ಕದಲ್ಲೇ ಕೂತು ನೋಡಿ. ಮೇಲಿನ ನೀರು ಇಳಿದು ಸಂಪ್ ತುಂಬಿ ನೆಲಕ್ಕೆ ಹರಿದರೆ, ಗೆರೆಯನ್ನು ನಾಲ್ಕು ಬೆರಳು ಕೆಳಗೆ ಎಳೆಯಿರಿ.