ಎರಡನೇ ಆಲ್ಬಂ: ಮಾತ್ರೆಯಿಂದ ಮಾಸ್ಟರ್‌ವರೆಗೆ

ಮೊದಲ ಆಲ್ಬಂನ ಹಾಡುಗಳು ವೇದಿಕೆ ಮೇಲೆ ಪಳಗಿರುತ್ತವೆ. ಕಾಲೇಜು ಫೆಸ್ಟು, ಗಣೇಶೋತ್ಸವ, ಪಬ್ಬು ಅಂತ ಮೂರು ನಾಲ್ಕು ವರ್ಷ ಬಾರಿಸಿ ಬಾರಿಸಿ ಯಾವ ಹಾಡಿಗೆ ಎಷ್ಟು ವೇಗ, ಯಾವ ಸಾಲಿಗೆ ಜನ ದನಿಗೂಡಿಸುತ್ತಾರೆ ಅನ್ನುವುದೆಲ್ಲ ಸ್ಟುಡಿಯೋಗೆ ಹೋಗುವ ಹೊತ್ತಿಗೆ ತಾನಾಗೇ ಗೊತ್ತಾಗಿರುತ್ತದೆ. ಎರಡನೆಯದಕ್ಕೆ ಆ ಅನುಕೂಲ ಇಲ್ಲ. ಹಾಡು ಹುಟ್ಟಿ ಎರಡು ತಿಂಗಳಾಗಿರುತ್ತದೆ, ಆಗಲೇ ಮೈಕಿನ ಮುಂದೆ ನಿಲ್ಲಬೇಕು. ಹಾಗಾಗಿ ವೇದಿಕೆ ಮಾಡಿಕೊಡುತ್ತಿದ್ದ ಕೆಲಸವನ್ನು, ಕನ್ನಡದಲ್ಲಿ ಪಾಪ್ ರಾಕ್ ಮಾಡುವ ನಮ್ಮ ತಂಡ ತಾನೇ ಕೂತು ಮಾಡಬೇಕಾಯಿತು. ಹದಿನಾಲ್ಕು ಹಾಡುಗಳಿಂದ ಶುರು ಮಾಡಿ ಒಂಬತ್ತಕ್ಕೆ ಇಳಿಸಿದೆವು. ಡೆಮೋಗೆ ನಾಲ್ಕು ತಿಂಗಳು ಹಿಡಿಯಿತು, ಡ್ರಮ್ಸ್‌ಗೆ ಮೂರೇ ದಿನ. ಅವಸರ ಬೇಡ. ನಮ್ಮೂರು ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಂ 2009ರಲ್ಲಿ ಬಂತು, ಎರಡನೆಯದು 2012ರಲ್ಲಿ. ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲನೆಯದು 2008ರಲ್ಲಿ, ಎರಡನೆಯದು 2013ರಲ್ಲಿ.

ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ವೇಗ. ಪ್ರತಿ ಹಾಡನ್ನೂ ಬೇರೆ ಬೇರೆ ಮೂರು ದಿನ ಕ್ಲಿಕ್ (ವೇಗ ಹಿಡಿದಿಡುವ ಟಿಕ್ ಟಿಕ್ ಸದ್ದು) ಇಲ್ಲದೆ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಚರಣದ ವೇಗ, ಕೊನೆಯ ಪಲ್ಲವಿಯ ವೇಗ ಎರಡನ್ನೂ ಅಳೆದು ಬರೆದುಕೊಳ್ಳಿ. ನಮಗೆ ಬಹುತೇಕ ಹಾಡುಗಳಲ್ಲಿ 6ರಿಂದ 8 ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಅಳತೆ) ವ್ಯತ್ಯಾಸ ಸಿಕ್ಕಿತು. ಸರಾಸರಿ ತೆಗೆದರೆ ತಪ್ಪು. ಹಾಡಿನಲ್ಲಿ ಅಕ್ಷರ ಅತಿ ಹೆಚ್ಚು ತುಂಬಿರುವ ಸಾಲು ಯಾವುದೋ ಅದನ್ನು ಹಾಡುಗಾರರಿಂದ ಹೇಳಿಸಿ, ಎಲ್ಲ ಒತ್ತಕ್ಷರವೂ ಸ್ಪಷ್ಟವಾಗಿ ಬರುವ ವೇಗವನ್ನು ಹಿಡಿಯಿರಿ, ಅದೇ ಚರಣದ ವೇಗ. ಪಲ್ಲವಿಗೆ, ಎಲ್ಲಿ ಎಷ್ಟು ವೇಗ ಎಂದು ಗುರುತಿಸುವ ಟೆಂಪೋ ಮ್ಯಾಪ್‌ನಲ್ಲಿ 2 ಬಿಪಿಎಂ ಏರಿಸಿದರೆ ಹಾಡು ಉಸಿರಾಡುತ್ತದೆ. 4 ಏರಿಸಿದರೆ ಡ್ರಮ್ಮರ್ ಓಡಿದ ಹಾಗೆ ಕೇಳುತ್ತದೆ.

ಶ್ರುತಿಗೂ ಇಂಥದ್ದೇ ಪರೀಕ್ಷೆ ಇದೆ. ಪಲ್ಲವಿಯನ್ನು ಐದು ಸಲ ಬಿಡದೆ ಹಾಡಿಸಿ. ಐದನೆಯ ಸಲ ಮೇಲಿನ ಸ್ವರದಲ್ಲಿ ಗಂಟಲು ಬಿಗಿದರೆ ಅರ್ಧ ಮನೆ (ಗಿಟಾರಿನ ಒಂದು ಫ್ರೆಟ್ಟಿನಷ್ಟು) ಇಳಿಸಿ. ಗಿಟಾರನ್ನೂ ಅರ್ಧ ಮನೆ ಇಳಿಸಿ ಶ್ರುತಿ ಮಾಡುವುದಾದರೆ 10ರ ತಂತಿ (ಅತಿ ತೆಳು ತಂತಿ 0.010 ಇಂಚು ದಪ್ಪ ಇರುವ ಸೆಟ್) ಸಡಿಲವಾಗಿ ಗುಂಯ್‌ಗುಡುತ್ತದೆ. 11ರ ಸೆಟ್ ಹಾಕಿ ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ಬರುವಂತೆ ಮಾಡುವ ಹೊಂದಿಕೆ) ಮತ್ತೆ ಸರಿಪಡಿಸಬೇಕು.

ಇನ್ನು ಸಾಹಿತ್ಯ. ಕನ್ನಡದಲ್ಲಿ ಪಾಪ್ ರಾಕ್ ಮಾಡುವವರು ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ, ಗಿಟಾರ್ ಟೋನಿಗಲ್ಲ. ರಾಕ್‌ನ ಮಾಮೂಲಿ ಬೀಟಿನಲ್ಲಿ ಒಂದು ಬಾರ್‌ಗೆ (ನಾಲ್ಕು ಬೀಟಿನ ಒಂದು ಸುತ್ತಿಗೆ) ಹೈಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಎಂಟು ಏಟು. ಒಂದು ಏಟಿಗೆ ಒಂದು ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು) ಅಂತ ಇಟ್ಟುಕೊಳ್ಳಿ. ಕನ್ನಡದ ಎರಡಕ್ಷರದ ಪದಗಳಲ್ಲಿ ಎಷ್ಟೊಂದು ಮೂರು ಮಾತ್ರೆಯವು ನೋಡಿ: ದೀಪ, ಬೀದಿ, ಹಚ್ಚಿ, ತುಂಬ, ನೀನು. ‘ದೀಪ ಹಚ್ಚಿ ಬೀದಿ ತುಂಬ’ ಅಂದರೆ ಮೂರು ಮೂರರ ನಾಲ್ಕು ಗಣ, ಒಟ್ಟು ಹನ್ನೆರಡು ಮಾತ್ರೆ. ಬಾರ್‌ನಲ್ಲಿರುವುದು ಎಂಟು. ಆಗ ಎಲ್ಲರೂ ಮಾಡುವುದೇನೆಂದರೆ ಕೊನೆಯಕ್ಷರವನ್ನು ಎಳೆದು ಮೂರನ್ನು ನಾಲ್ಕು ಮಾಡುವುದು: ದೀಪಾ ಹಚ್ಚೀ ಬೀದೀ ತುಂಬಾ. ಲೆಕ್ಕವೇನೋ ಕೂಡುತ್ತದೆ, ಭಾಷೆ ಕೆಡುತ್ತದೆ. ‘ನೀನು’ ಎಳೆದರೆ ‘ನೀನೂ’ ಆಗುತ್ತದೆ, ಅಂದರೆ ನೀನು ಸಹ. ‘ಹಾಡು’ ಎಳೆದರೆ ಹಾಡೂ ಸೇರಿದಂತೆ ಇನ್ನೇನೋ ಇದೆ ಅನ್ನುವ ಅರ್ಥ ಬರುತ್ತದೆ. ‘ಅವನ’ ಎಳೆದರೆ ‘ಅವನಾ?’ ಅನ್ನುವ ಪ್ರಶ್ನೆ. ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಯಾಕೆಂದು ಹೇಳಲು ಬರುವುದಿಲ್ಲ ಅಷ್ಟೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಎರಡು. ಒಂದು, ಹಾಡನ್ನೇ 6/8ಕ್ಕೆ, ಅಂದರೆ ಬಾರ್‌ಗೆ ಆರು ಏಟಿನ ತಾಳಕ್ಕೆ, ತಿರುಗಿಸುವುದು. ಆಗ ಬಾರ್‌ಗೆ ಎರಡು ಗಣದಂತೆ ಸಾಲು ತಾನಾಗಿ ಕೂರುತ್ತದೆ. ಇನ್ನೊಂದು ನನಗೆ ಬಹಳ ಇಷ್ಟವಾದದ್ದು: ಮಾಮೂಲಿ ಬೀಟಾದ 4/4ರಲ್ಲೇ ಉಳಿದು ಎಂಟು ಮಾತ್ರೆಯನ್ನು 3+3+2 ಎಂದು ಒಡೆಯುವುದು. ‘ದೀಪ ಹಚ್ಚಿ ಇಡು, ಬೀದಿ ತುಂಬ ಮಳೆ.’ ಪ್ರತಿ ಬಾರ್‌ನಲ್ಲಿ ಮೂರು ಮಾತ್ರೆಯ ಪದ ಎರಡು, ಕೊನೆಗೊಂದು ಎರಡು ಲಘುವಿನ ಪದ. ಕಾಲಿನಲ್ಲಿ ಬಾರಿಸುವ ಕಿಕ್ ಡ್ರಮ್ಮನ್ನು 1, 4, 7ನೇ ಏಟಿಗೆ ಇಟ್ಟರೆ ಪದ ಶುರುವಾಗುವಲ್ಲೇ ಕಿಕ್ ಬೀಳುತ್ತದೆ, ಕೋಲಿನಲ್ಲಿ ಬಾರಿಸುವ ಸ್ನೇರ್ ಡ್ರಮ್ ಮಾತ್ರ ತನ್ನ 3, 7ರಲ್ಲೇ ಇರುತ್ತದೆ. ಒಂದಕ್ಷರವನ್ನೂ ಎಳೆಯಬೇಕಾಗಿಲ್ಲ. ಸ್ವರ ಉದ್ದ ಹಿಡಿಯಲೇಬೇಕಾದಲ್ಲಿ ಗುರು ಇರುವ ಅಕ್ಷರದ ಮೇಲೆ ಹಿಡಿಯಿರಿ. ‘ನೀನು’ ಬೇಕಿದ್ದರೆ ‘ನೀ’ ಮೇಲೆ ನಿಂತು ‘ನು’ವನ್ನು ಚುಟುಕಾಗಿ ಬಿಡಿ. ಭಾಮಿನಿ ಷಟ್ಪದಿಯ 3+4 ನಡೆಯನ್ನು 7/8ರಲ್ಲಿ ಹಾಕಿದ ಹಾಡೊಂದೂ ಆಲ್ಬಂನಲ್ಲಿದೆ. ಅದನ್ನು ಹಾಡುವವರಿಗೆ ಎಣಿಕೆಯೇ ಬೇಡವಾಯಿತು. ಡ್ರಮ್ಮರ್‌ಗೆ ಎರಡು ವಾರ ಬೇಕಾಯಿತು.

ಒತ್ತಕ್ಷರದ ಬಗ್ಗೆ ಒಂದು ಮಾತು. ‘ಹಚ್ಚಿ’ಯಲ್ಲಿ ಚ್ ಮುಚ್ಚಿಕೊಳ್ಳುವ ಒಂದು ಸಣ್ಣ ಮೌನವಿದೆ. 120 ಬಿಪಿಎಂನಲ್ಲಿ ಒಂದು ಏಟೆಂದರೆ (ಅರ್ಧ ಬೀಟ್) 250 ಮಿಲಿಸೆಕೆಂಡ್. ಆ ಮೌನ ಏಟಿನ ಮೊದಲೇ ಮುಗಿದು ‘ಚಿ’ ಸರಿಯಾಗಿ ಏಟಿನ ಮೇಲೆ ಒಡೆಯಬೇಕು. ‘ಚ್’ ಅನ್ನುವುದನ್ನೇ ಏಟಿನ ಮೇಲೆ ಇಟ್ಟರೆ ಇಡೀ ಸಾಲು ಹಿಂದೆ ಬಿದ್ದಂತಾಗುತ್ತದೆ.

ಡ್ರಮ್ಸ್‌ಗೆ ಮಾತ್ರ ಬಾಡಿಗೆ ಸ್ಟುಡಿಯೋ, ಉಳಿದದ್ದೆಲ್ಲ ಮನೆಯಲ್ಲಿ. ಡ್ರಮ್ಮಿನ ಹೊಸ ಹೆಡ್‌ಗಳನ್ನು (ಬಾರಿಸುವ ಪೊರೆ) ಹಿಂದಿನ ದಿನವೇ ಹಾಕಿ ಬಿಗಿದು ಇಟ್ಟುಬಿಡಿ. ಅದೇ ದಿನ ಹಾಕಿದರೆ ಅವು ಹಿಗ್ಗುತ್ತಲೇ ಇರುತ್ತವೆ, ಬೆಳಗಿನ ಟೇಕೂ ಸಂಜೆಯ ಟೇಕೂ ಜೋಡಿಸಲು ಬಾರದು. ಡ್ರಮ್ಸ್ ಮೇಲೆ ನಿಲ್ಲಿಸುವ ಓವರ್‌ಹೆಡ್ ಮೈಕ್ ಎರಡನ್ನೂ ಸ್ನೇರ್‌ನ ನಡುವಿನಿಂದ ಒಂದೇ ದೂರದಲ್ಲಿ ಇಡಬೇಕು. ಕಣ್ಣಳತೆ ನಂಬಬೇಡಿ, ಒಂದು ಮೀಟರ್ ದಾರ ತಗೊಂಡು ಅಳೆಯಿರಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದು ಮೈಕ್ 17 ಸೆಂಟಿಮೀಟರ್ ಹಿಂದೆ ಸರಿದರೆ ಸಾಕು, 1 ಕಿಲೋಹರ್ಟ್ಸ್ ಸುತ್ತ ಎರಡೂ ಒಂದನ್ನೊಂದು ಅಳಿಸಿ ಸ್ನೇರ್ ಟೊಳ್ಳಾಗುತ್ತದೆ. ಸ್ನೇರ್‌ನ ಕೆಳಗಿನ ಮೈಕಿಗೆ ಪೊಲ್ಯಾರಿಟಿ (ಅಲೆಯ ಮೇಲುಕೆಳಗು) ತಿರುಗಿಸಿಯೂ, ತಿರುಗಿಸದೆಯೂ ಮೋನೋದಲ್ಲಿ ಕೇಳಿ, ಯಾವುದರಲ್ಲಿ ಮೈ ತುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮಟ್ಟದ ತುದಿ ಮೈನಸ್ 10 ಡಿಬಿ ದಾಟದಿರಲಿ. ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ಆಗುತ್ತದೆ. ಹದಿನಾರು ಟ್ರ್ಯಾಕಿನ ನಾಲ್ಕು ನಿಮಿಷದ ಹಾಡಿನ ಒಂದೊಂದು ಟೇಕೂ ಅರ್ಧ ಜಿಬಿ ದಾಟುತ್ತದೆ, ಅದಕ್ಕೆ ತಕ್ಕ ಎರಡು ಡಿಸ್ಕ್ ಜೊತೆಗಿರಲಿ. ಸ್ಟುಡಿಯೋದಿಂದ ಹೊರಡುವ ಮುನ್ನ ಎರಡಕ್ಕೂ ನಕಲಾಗಬೇಕು, ಎರಡೂ ಒಂದೇ ಬ್ಯಾಗಿನಲ್ಲಿ ಹೋಗಬಾರದು.

ಎರಡು ಹಾಡಿಗೆ ತಮಟೆ ಇದೆ. ಕಾಯಿಸಿದ ತಮಟೆ ಆರುತ್ತಾ ಬಂದಂತೆ ದನಿ ಇಳಿಯುತ್ತದೆ, ಮಳೆಗಾಲದಲ್ಲಂತೂ ಬೇಗ. ಹಾಗಾಗಿ ಬೆಂಕಿಗೆ ಜಾಗ ಇರುವ ಕಡೆಯೇ ರೆಕಾರ್ಡ್ ಮಾಡಬೇಕು. ಎರಡು ಮೂರು ಟೇಕಿಗೊಮ್ಮೆ ಕಾಯಿಸಿ, ಪ್ರತಿ ಸಲ ಒಂದೇ ಏಟು ಹೊಡೆಸಿ ಹಿಂದಿನ ಟೇಕಿಗೆ ಹೋಲಿಸಿ ಮುಂದುವರಿದೆವು. ಮೈಕ್ ಒಂದೂವರೆ ಮೀಟರ್ ದೂರ, ಚರ್ಮಕ್ಕೆ ನೇರವಾಗಿ ಬೇಡ, ಸ್ವಲ್ಪ ಓರೆ. ಹತ್ತಿರ ಇಟ್ಟರೆ ಕಡ್ಡಿಯ ಚಟಚಟ ಮಾತ್ರ ಸಿಗುತ್ತದೆ, ತಮಟೆ ಸಿಗುವುದಿಲ್ಲ.

ಮನೆಯಲ್ಲಿ ಗಿಟಾರ್ ಹಿಡಿದರೆ ಮೊದಲ ಶತ್ರು ಕರೆಂಟು. ಗುಂಯ್ ಅನ್ನುವ ಸದ್ದು 50 ಹರ್ಟ್ಸ್ ಮತ್ತು ಅದರ ಮಡಿಗಳಲ್ಲಿ ಕೂತಿರುತ್ತದೆ, ಆಮೇಲೆ ಇಕ್ಯೂನಲ್ಲಿ (ಬೇಕಾದ ಕಂಪನಾಂಕ ಏರಿಳಿಸುವ ಸಾಧನ) ಕೆತ್ತಿ ತೆಗೆಯಹೋದರೆ ಬೇಸ್ ಗಿಟಾರೂ ಹೋಗುತ್ತದೆ. ಹುಡುಕುವ ಕ್ರಮ ಹೀಗೆ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ದೋಷ ಅಡಾಪ್ಟರಿನದು, ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ನಿಲ್ಲದಿದ್ದರೆ ಎಲ್ಲ ಉಪಕರಣವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ, ಎರಡು ಸಾಕೆಟ್‌ಗಳ ಅರ್ಥಿಂಗ್ ನಡುವಿನ ಲೂಪ್ ತಪ್ಪುತ್ತದೆ. ಆಮೇಲೂ ಇದ್ದರೆ ಮನೆಯ ಅರ್ಥಿಂಗನ್ನೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ಯಾವ ಕಾರಣಕ್ಕೂ ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕಬೇಡಿ. ಗಿಟಾರ್ ತಂತಿ ಕೈಯಲ್ಲಿದ್ದು ಬಾಯಿ ಮೈಕಿಗೆ ತಾಗಿದಾಗ ಅದು ಜೀವಕ್ಕೇ ಅಪಾಯ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಓಡುತ್ತಿರುವಾಗ ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ಟೇಕ್ ತೆಗೆಯುವುದೇ ಬೇಡ, ಜುಯ್‌ಗುಡುವ ಸದ್ದು ಖಂಡಿತ ಬರುತ್ತದೆ. ಆಂಪ್ ಜೊತೆಗೆ ಡಿಐ (ಗಿಟಾರನ್ನು ನೇರವಾಗಿ ರೆಕಾರ್ಡಿಂಗಿಗೆ ಕೊಡುವ ಡಬ್ಬಿ) ಮೂಲಕ ಶುದ್ಧ ಸಿಗ್ನಲ್ ಒಂದನ್ನೂ ಹಿಡಿದಿಡಿ. ಟೋನ್ ಹಿಡಿಸದಿದ್ದರೆ ನುಡಿಸಿದ್ದನ್ನು ಮತ್ತೆ ನುಡಿಸಬೇಕಾಗಿಲ್ಲ.

ಹಾಡುವ ಕೋಣೆಗೆ ಪ್ರತಿಧ್ವನಿ ಹೀರುವ ನಾಲ್ಕು ಪ್ಯಾನೆಲ್ ಮಾಡಿಕೊಂಡೆವು. ನಾಲ್ಕಡಿ ಎರಡಡಿ ಅಳತೆ, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, 50 ಮಿಮೀ ದಪ್ಪದ ರಾಕ್‌ವೂಲ್ (ಕಲ್ಲಿನ ನಾರು) ಎರಡು ಪದರ. ಚೌಕಟ್ಟಿನ ಮರ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯದು, ಹೊದಿಸಿದ ಹತ್ತಿ ಬಟ್ಟೆ ಚಿಕ್ಕಪೇಟೆಯದು, ಕೇಬಲ್ಲು ಕನೆಕ್ಟರು ಎಸ್.ಪಿ. ರೋಡಿನವು. ಬಟ್ಟೆ ಆಯ್ಕೆ ಮಾಡುವಾಗ ಬಾಯಿಗೆ ಹಿಡಿದು ಊದಿ, ಉಸಿರು ದಾಟಿದರೆ ಶಬ್ದವೂ ದಾಟುತ್ತದೆ. ರಾಕ್‌ವೂಲ್ ಮುಟ್ಟುವಾಗ ಮಾಸ್ಕು, ಗ್ಲೌಸು ಕಡ್ಡಾಯ. ಪ್ಯಾನೆಲ್‌ಗಳು ಹಾಡುವವರ ಬೆನ್ನ ಹಿಂದೆ ಇರಬೇಕು, ಮೈಕಿನ ಹಿಂದೆ ಅಲ್ಲ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನಿನ ಸದ್ದನ್ನು ತಾನೇ ತಳ್ಳುತ್ತದೆ, ಅದಕ್ಕೆ ಕೇಳುವುದು ಹಾಡುವವರ ಹಿಂದಿನ ಗೋಡೆ. ಮೊಟ್ಟೆ ಟ್ರೇ ಅಂಟಿಸುವುದರಿಂದ ಪ್ರಯೋಜನವಿಲ್ಲ.

ಹಗಲು ಹೊತ್ತಿನ ಬೆಂಗಳೂರಿನಲ್ಲಿ ಕುಕ್ಕರ್ ಸೀಟಿ, ಸೊಪ್ಪಿನ ಗಾಡಿಯ ಧ್ವನಿವರ್ಧಕ, ಪಕ್ಕದ ಸೈಟಿನ ಟೈಲ್ಸ್ ಕಟರ್ ಯಾವುದನ್ನೂ ತಡೆಯಲಾಗದು. ನಮ್ಮ ದನಿಯ ಟೇಕ್‌ಗಳೆಲ್ಲ ರಾತ್ರಿ ಹನ್ನೊಂದರಿಂದ ಎರಡು. ಫ್ಯಾನ್ ಆರಿಸಬೇಕು, ಆದ್ದರಿಂದ ನಲವತ್ತು ನಿಮಿಷಕ್ಕೊಂದು ಬಿಡುವು.

ಸದ್ದು ಕಡಿಮೆ ಮಾಡಲು ದನಿಯ ಮೇಲೆ ನಾಯ್ಸ್ ಗೇಟ್ (ಮಟ್ಟ ಕಡಿಮೆಯಾದಾಗ ಸದ್ದನ್ನೇ ಮುಚ್ಚುವ ಸಾಧನ) ಹಾಕುವ ಅಭ್ಯಾಸ ಹಲವರಿಗಿದೆ. ಕನ್ನಡಕ್ಕೆ ಅದು ಬೇಡ. ‘ಹ’ ಬರೀ ಉಸಿರು, ಗೇಟ್ ತೆರೆಯುವಷ್ಟು ಗಟ್ಟಿ ಇರುವುದಿಲ್ಲ. ‘ಹಾಡು’ ಹೋಗಿ ‘ಆಡು’ ಆಗುತ್ತದೆ. ಕೂತು ಕೈಯಲ್ಲೇ ಖಾಲಿ ಜಾಗ ಕತ್ತರಿಸಿ. ಕಂಪ್ರೆಸರ್‌ನ (ದನಿಯ ಏರಿಳಿತ ತಗ್ಗಿಸುವ ಸಾಧನ) ಅಟ್ಯಾಕ್, ಅಂದರೆ ಅದು ಹಿಡಿಯಲು ತಗೊಳ್ಳುವ ಸಮಯ, 1–2 ಮಿಲಿಸೆಕೆಂಡ್ ಇಟ್ಟರೆ ಒತ್ತಕ್ಷರದ ಸಿಡಿತ ಸತ್ತು ‘ಹತ್ತಿ’ ‘ಹತಿ’ಯಂತೆ ಕೇಳುತ್ತದೆ. 10ರಿಂದ 15ಕ್ಕೆ ತಂದ ಮೇಲೆ ಸರಿಯಾಯಿತು. ಪಲ್ಲವಿಗೆ ಎರಡನೇ ದನಿ ಸೇರಿಸುವಾಗ ಒತ್ತಕ್ಷರಗಳು ಮೊದಲ ದನಿಗಿಂತ 30 ಮಿಲಿಸೆಕೆಂಡ್ ಆಚೀಚೆಯಾದರೂ ತೊದಲಿದಂತೆ ಕೇಳುತ್ತದೆ. ಎರಡನೇ ದನಿಯವರು ವ್ಯಂಜನಗಳನ್ನು ಮೆತ್ತಗೆ ಮುಟ್ಟಿ ಸ್ವರಗಳನ್ನು ಮಾತ್ರ ತುಂಬಿ ಹಾಡಿದರೆ ಈ ತೊಂದರೆಯ ಮುಕ್ಕಾಲು ಪಾಲು ಹೋಗುತ್ತದೆ.

ಮಿಕ್ಸಿಂಗ್‌ನಲ್ಲಿ ಮೊದಲ ಆಲ್ಬಂನ ಒಂದು ಹಾಡನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ, ಎರಡರ ಗಟ್ಟಿತನ ಸಮ ಮಾಡಿ ಹೋಲಿಸಿ. ಸಮ ಮಾಡದಿದ್ದರೆ ಜೋರಾಗಿದ್ದದ್ದೇ ಚೆನ್ನ ಅನ್ನಿಸುತ್ತದೆ. ಬೇಸ್ ಫೋನಿನ ಸ್ಪೀಕರಿನಲ್ಲಿ ಮಾಯವಾದರೆ ವಾಲ್ಯೂಮ್ ಏರಿಸಬೇಡಿ, ಸ್ವಲ್ಪ ಸ್ಯಾಚುರೇಶನ್ (ಮೆಲು ಒಡಕು) ಕೊಡಿ, ಮೇಲಿನ ಹಾರ್ಮೋನಿಕ್‌ಗಳಿಂದ ಕಿವಿ ಅದನ್ನು ಗುರುತಿಸುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಗಟ್ಟಿತನದ ಅಳತೆ) ಜೋರಾದದ್ದನ್ನೆಲ್ಲ ಆ ಮಟ್ಟಕ್ಕೆ ತಗ್ಗಿಸುತ್ತದೆ, ಮಾಸ್ಟರನ್ನು (ಬಿಡುಗಡೆಗೆ ಸಿದ್ಧವಾದ ಕೊನೆಯ ಆವೃತ್ತಿ) ಹಿಂಡಿ ಗಟ್ಟಿ ಮಾಡಿದರೆ ಡ್ರಮ್ಸ್‌ನ ಏಟು ಕಳೆದುಕೊಂಡದ್ದಷ್ಟೇ ಲಾಭ. ಟ್ರೂ ಪೀಕ್ (ಅಲೆಯ ನಿಜವಾದ ತುದಿ) ಮೈನಸ್ 1 ಡಿಬಿಯ ಕೆಳಗಿರಲಿ.

ಕಾಗದಪತ್ರ ಡೆಮೋ ಹಂತದಲ್ಲೇ ಮುಗಿಸಿ. ಯಾರು ಬರೆದದ್ದು, ಯಾರು ರಾಗ ಹಾಕಿದ್ದು, ಯಾರಿಗೆ ಎಷ್ಟು ಪಾಲು ಅಂತ ಹಾಡಿಗೊಂದು ಹಾಳೆ, ಎಲ್ಲರ ಸಹಿ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯಿಂದ ಗೀತೆ ಬರೆದವರು, ಸಂಗೀತ ಮಾಡಿದವರು ತಮ್ಮ ರಾಯಲ್ಟಿ ಪಾಲನ್ನು ಲೇಬಲ್‌ಗೆ ಬಿಟ್ಟುಕೊಡುವಂತೆಯೇ ಇಲ್ಲ. ಹಾಗೆ ಬರೆಸಿಕೊಳ್ಳುವ ಒಪ್ಪಂದ ಬಂದರೆ ಸಹಿ ಹಾಕಬೇಡಿ. ಹಳೆಯ ಪದ್ಯ ಬಳಸುವುದಾದರೆ ಕವಿ ತೀರಿಕೊಂಡು 60 ವರ್ಷ ಆಗಿರಬೇಕು. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ತೊಂದರೆಯಿಲ್ಲ, ವಚನಗಳಿಗೂ ಇಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಇನ್ನೊಂದು ಕಡೆ ಎಡವುವವರು ಬಹಳ: ತತ್ವಪದದ ಸಾಹಿತ್ಯ ಎಲ್ಲರದ್ದೇ, ಆದರೆ ಕ್ಯಾಸೆಟ್ಟಿನಿಂದ ನಮ್ಮ ಕಿವಿಗೆ ಅಂಟಿರುವ ರಾಗ ಯಾರೋ ಸಂಯೋಜಕರದ್ದು. ಸಾಹಿತ್ಯ ತಗೊಂಡು ರಾಗ ಹೊಸದಾಗಿ ಹಾಕಿ.

ಅಪ್‌ಲೋಡ್ ಮಾಡುವಾಗ ತಂಡದ ಹೆಸರಿನ ಕಾಗುಣಿತ ಮೊದಲ ಆಲ್ಬಂನಲ್ಲಿ ಇದ್ದಂತೆಯೇ ಇರಬೇಕು, ಹಳೆಯ ಆರ್ಟಿಸ್ಟ್ ಪುಟದ ಲಿಂಕನ್ನೂ ಡಿಸ್ಟ್ರಿಬ್ಯೂಟರ್‌ಗೆ (ಹಾಡನ್ನು ಸ್ಪಾಟಿಫೈನಂಥ ಕಡೆಗೆ ತಲುಪಿಸುವ ಕಂಪನಿ) ಕೊಡಬೇಕು. ಇಲ್ಲದಿದ್ದರೆ ಹೊಸ ಪುಟವೊಂದು ಹುಟ್ಟಿ ಹಳೆಯ ಕೇಳುಗರಿಗೆ ಆಲ್ಬಂ ಬಂದದ್ದೇ ತಿಳಿಯುವುದಿಲ್ಲ. ಒಂಬತ್ತು ಹಾಡಿಗೂ ಬೇರೆ ಬೇರೆ ಹನ್ನೆರಡು ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ರೆಕಾರ್ಡಿಂಗಿನ ಗುರುತಿನ ಸಂಖ್ಯೆ) ಬೇಕು. ದನಿಯಿಲ್ಲದ ಆವೃತ್ತಿ ಬಿಡುವುದಾದರೆ ಅದಕ್ಕೂ ಬೇರೆಯದೇ. ಮೊದಲೇ ಸಿಂಗಲ್ ಆಗಿ ಬಿಟ್ಟ ಹಾಡು ಅದೇ ಮಾಸ್ಟರ್ ಆಗಿದ್ದರೆ ಹಳೆಯ ಸಂಖ್ಯೆಯನ್ನೇ ಹಾಕಿ, ಆಗ ಕೇಳಿದವರ ಲೆಕ್ಕ ಎರಡು ಕಡೆ ಹರಿದುಹೋಗದೆ ಒಂದೇ ಕಡೆ ಕೂಡುತ್ತದೆ.